ಅಲ್ಯೂಮಿನಿಯಂ ಕಂಬಕ್ಕೂ ಗೆದ್ದಲು!

ಕೃಷ್ಣರಾಜಪುರ ರೈಲು ನಿಲ್ದಾಣದ ಮಗ್ಗುಲಲ್ಲಿರುವ ತೂಗುಸೇತುವೆಯನ್ನು ಬೆಂಗಳೂರಿನ ಪೂರ್ವ ಭಾಗದ ವಿದ್ಯಾರ್ಥಿಗಳೆಲ್ಲ ಬಲ್ಲರು. 2003ರಲ್ಲಿ ಸಂಚಾರಕ್ಕೆ ತೆರೆದ ಈ ಸೇತುವೆಯಲ್ಲಿ ಗೋಪುರದಿಂದ ಇಳಿಬಂದ ಉಕ್ಕಿನ ಹಗ್ಗಗಳು ರಸ್ತೆಯ ಭಾರವನ್ನು ಎಳೆದು ಹಿಡಿದಿವೆ. ಹಗ್ಗಕ್ಕೆ ಸೆಳೆತ, ಗೋಪುರಕ್ಕೆ ಒತ್ತಡ. ಕಡಲಿಗಿಳಿಯುವ ಹಾಯಿದೋಣಿಯಲ್ಲೂ ಇದೇ ಲೆಕ್ಕ. ಹಾಯಿಯನ್ನು ಹೊತ್ತು ನಿಂತ ಕೂವೆಕಂಬವನ್ನು ಉಕ್ಕಿನ ತಂತಿಗಳು ಸುತ್ತಲಿಂದ ಬಿಗಿದಿರುತ್ತವೆ. ಹಾಯಿಯ ಬುಡಕ್ಕೆ ಇನ್ನೊಂದು ಅಡ್ಡಕಂಬ. ಅದರ ಹೆಸರು ಬೂಮ್.

ಹಾಯಿದೋಣಿ ನೋಡಲು ಕಡಲಿಗೇ ಹೋಗಬೇಕೆಂದಿಲ್ಲ. ಸೇತುವೆಯಿಂದ ಹಳೆ ಮದ್ರಾಸ್ ರಸ್ತೆ ಹಿಡಿದು ಪಶ್ಚಿಮಕ್ಕೆ ಸಾಗಿದರೆ ಹಲಸೂರು ಕೆರೆ ಸಿಗುತ್ತದೆ. ಭೂಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪ್ ತನ್ನ ಜಲತರಬೇತಿಗೆ ಬಳಸುವ ಕೆರೆ ಇದು. ಸೇನೆಯ ಎಂಜಿನಿಯರ್ ದಳದವರೇ ‘ತೃಷ್ಣಾ’ ಎಂಬ ಹಾಯಿದೋಣಿಯಲ್ಲಿ 1985ರಿಂದ 1987ರವರೆಗೆ ಪ್ರಪಂಚವನ್ನೊಂದು ಸುತ್ತು ಹಾಕಿ ಬಂದರು.

ಹಿಂದೆ ಕೂವೆಕಂಬ ಎಂದರೆ ಮರದ್ದೇ. ಇಂದು ಮಕ್ಕಳು ಕಲಿಯುವ 2.3 ಮೀಟರ್ ಉದ್ದದ ಆಪ್ಟಿಮಿಸ್ಟ್ ದೋಣಿಗೂ ಅಲ್ಯೂಮಿನಿಯಂ ಕಂಬ. ಉಕ್ಕಿಗಿಂತ ಸುಮಾರು ಮೂರು ಪಟ್ಟು ಹಗುರ, ತುಕ್ಕು ಹಿಡಿಯದು, ಗೆದ್ದಲು ತಿನ್ನದು ಎಂಬ ನಂಬಿಕೆ. ನಂಬಿಕೆ ಅರ್ಧ ಮಾತ್ರ ನಿಜ.

ಬಿಳಿ ಪುಡಿಯ ಗುಟ್ಟು

ಅಲ್ಯೂಮಿನಿಯಂ ಗಾಳಿಗೆ ಸೋಕಿದೊಡನೆ ಅದರ ಮೈಮೇಲೆ ಆಕ್ಸೈಡಿನ ಪೊರೆಯೊಂದು ಮೂಡುತ್ತದೆ. ದಪ್ಪ ಕೆಲವೇ ನ್ಯಾನೋಮೀಟರ್. ಆದರೂ ಒಳಗಿನ ಲೋಹಕ್ಕೆ ಅದೇ ಕವಚ. ಉಪ್ಪುನೀರಿನ ಕ್ಲೋರೈಡ್ ಈ ಕವಚವನ್ನು ಅಲ್ಲಲ್ಲಿ ಭೇದಿಸುತ್ತದೆ. 1923ರಲ್ಲಿ ಬ್ರಿಟನ್ನಿನಲ್ಲಿ ಕಡಲ ವಿಮಾನಗಳ ಬಿಡಿಭಾಗಗಳನ್ನು ಉಪ್ಪುನೀರಿನಿಂದ ಉಳಿಸಲೆಂದೇ ಒಂದು ವಿಧಾನ ಬಳಕೆಗೆ ಬಂತು. ಲೋಹವನ್ನು ಆಮ್ಲದ ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ ಹರಿಸಿ ಪೊರೆಯನ್ನು ದಪ್ಪಗೊಳಿಸುವುದು. ಇದೇ ಆನೋಡೈಸಿಂಗ್. ಕೂವೆಕಂಬದ ಮೇಲೆ ಇದು ಸಾಮಾನ್ಯವಾಗಿ 10ರಿಂದ 25 ಮೈಕ್ರಾನ್; ತಲೆಗೂದಲಿಗಿಂತಲೂ ತೆಳು.

ಅಪಾಯ ಹೆಚ್ಚಾಗಿ ಇರುವುದು ಬಯಲಾದ ಮೈಮೇಲಲ್ಲ, ಎರಡು ಲೋಹಗಳು ಕೂಡುವ ಕಡೆ. ಅಲ್ಯೂಮಿನಿಯಂ ಕಂಬಕ್ಕೆ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಹಾಕಿ ನಡುವೆ ಉಪ್ಪುನೀರು ನಿಂತರೆ ಅದೊಂದು ಪುಟ್ಟ ಬ್ಯಾಟರಿ. ಪಿ.ಯು.ಸಿ. ರಸಾಯನಶಾಸ್ತ್ರದ ವಿದ್ಯುದ್ರಾಸಾಯನಿಕ ಶ್ರೇಣಿ ನೆನಪಿರುವವರಿಗೆ ಮುಂದಿನದು ಗೊತ್ತೇ ಇದೆ. ಹೆಚ್ಚು ಚುರುಕಾದ ಅಲ್ಯೂಮಿನಿಯಂ ಸವೆಯುತ್ತದೆ, ಉಕ್ಕು ಹಾಗೆಯೇ ಉಳಿಯುತ್ತದೆ. ಸ್ಕ್ರೂ ಸುತ್ತ ಬಿಳಿ ಪುಡಿ, ಬಣ್ಣದಡಿ ಗುಳ್ಳೆ ಕಂಡರೆ ‘ಗೆದ್ದಲು’ ಹತ್ತಿದೆ ಎಂದೇ ತಿಳಿಯಬೇಕು.

ನಡುಗಡಲಲ್ಲಿ ಕಂಬ ಮುರಿದರೆ ಗತಿಯೇನು? ನೌಕಾಪಡೆಯ ಅಭಿಲಾಷ್ ಟಾಮಿ ಅವರ ದೋಣಿಯ ಕಂಬ 2018ರ ಸೆಪ್ಟೆಂಬರಿನಲ್ಲಿ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಮುರಿಯಿತು. ಅಲ್ಲಿ ಕಾರಣ ಬಿರುಗಾಳಿ, ಸವೆತವಲ್ಲ. ಬೆನ್ನಿಗೆ ತೀವ್ರ ಪೆಟ್ಟಾಗಿ ಮಲಗಿದಲ್ಲೇ ಇದ್ದ ಅವರನ್ನು ದಿನಗಳ ನಂತರ ಫ್ರೆಂಚ್ ಹಡಗೊಂದು ರಕ್ಷಿಸಿತು. ಗಟ್ಟಿ ಕಂಬವನ್ನೇ ಮುರಿಯಬಲ್ಲ ಕಡಲಿಗೆ ಟೊಳ್ಳಾದ ಕಂಬ ಯಾವ ಲೆಕ್ಕ?

ಮೊದಲು ಪರೀಕ್ಷೆ, ಆಮೇಲೆ ಬಣ್ಣ

ಹಳೆಯ ದೋಣಿ ಕೊಂಡವರು ಮೊದಲು ಮಾಡುವ ಕೆಲಸ ಕಂಬಕ್ಕೆ ಹೊಸ ಬಣ್ಣ ಬಳಿಯುವುದು. ಅನುಭವಿಗಳು ಮೊದಲು ಕಂಬವನ್ನು ಇಳಿಸಿ, ಕೊಂಡಿ ಪಟ್ಟಿಗಳನ್ನೆಲ್ಲ ಬಿಚ್ಚಿ ಅವುಗಳ ಅಡಿಯನ್ನು ನೋಡುತ್ತಾರೆ. ಆಳವಾದ ಕುಳಿಗಳಿದ್ದರೆ ಅದು ಬಣ್ಣದ ಕೆಲಸವಲ್ಲ, ತಜ್ಞರ ಕೆಲಸ. ಕುಳಿಯ ಮೇಲೆ ಬಳಿದ ಬಣ್ಣ ರೋಗವನ್ನು ಮುಚ್ಚಿಡುತ್ತದೆ, ಅಷ್ಟೆ.

ಮೈ ಗಟ್ಟಿಯಾಗಿದ್ದರೆ ಸಿಹಿನೀರು ಮತ್ತು ಸೌಮ್ಯ ಸಾಬೂನಿನಿಂದ ತೊಳೆದು, ಬಿಳಿ ಪುಡಿಯನ್ನು ನೈಲಾನ್ ಉಜ್ಜುಗದಿಂದ ತೆಗೆಯಬೇಕು. ಉಕ್ಕಿನ ನಾರು ಬೇಡ. ಅದರ ಚೂರುಗಳು ಸಿಕ್ಕಿಕೊಂಡು ಹೊಸ ಕುಳಿಗಳಿಗೆ ಕಾರಣವಾಗುತ್ತವೆ. ಕಾಸ್ಟಿಕ್ ಸೋಡ ಅಂತೂ ಅಲ್ಯೂಮಿನಿಯಮ್ಮನ್ನೇ ಕರಗಿಸಿ, ಹೊತ್ತಿಕೊಳ್ಳುವ ಜಲಜನಕವನ್ನು ಹೊರಬಿಡುತ್ತದೆ. ಆನೋಡೈಸಿಂಗ್ ಚೆನ್ನಾಗಿ ಉಳಿದಿದ್ದರೆ ಮೇಣ ಹಚ್ಚಿದರೆ ಸಾಕು.

ಪೊರೆ ಸವೆದಿದ್ದರೆ ದಾರಿ ಎರಡು. ಒಂದು, ಮತ್ತೆ ಆನೋಡೈಸ್ ಮಾಡಿಸುವುದು. ಇದಕ್ಕೆ ಕಂಬದಷ್ಟೇ ಉದ್ದದ ತೊಟ್ಟಿ ಬೇಕು. ಇನ್ನೊಂದು ಬಣ್ಣ. ಮರಳುಕಾಗದದಿಂದ ಉಜ್ಜಿ, ಜಿಡ್ಡು ಒರೆಸಿ, ಪೊರೆ ಮತ್ತೆ ಬೆಳೆಯುವ ಮೊದಲೇ ಅಲ್ಯೂಮಿನಿಯಮ್ಮಿಗೆ ಹೊಂದುವ ಪ್ರೈಮರ್ ಹಚ್ಚಬೇಕು. ಆಮೇಲೆ ಎಪಾಕ್ಸಿ, ಕೊನೆಗೆ ಪಾಲಿಯುರೆಥೇನ್. ಈ ಕೊನೆಯ ಬಣ್ಣದ ತುಂತುರು ಶ್ವಾಸಕೋಶಕ್ಕೆ ಕೆಟ್ಟದ್ದು. ಮನೆಯಲ್ಲಿ ಮಕ್ಕಳು ಮಾಡುವ ಕೆಲಸವಲ್ಲ.

ಮರುಜೋಡಣೆಯಲ್ಲಿ ಉಕ್ಕು, ಅಲ್ಯೂಮಿನಿಯಂ ನೇರವಾಗಿ ತಾಗದಂತೆ ನಡುವೆ ನೈಲಾನ್ ವಾಷರ್ ಇಟ್ಟು, ಸ್ಕ್ರೂಗಳಿಗೆ ನಿರೋಧಕ ಲೇಪ ಹಚ್ಚಬೇಕು. ಕಂಬದ ಬುಡದಲ್ಲಿ ನೀರು ಬಸಿಯುವ ರಂಧ್ರ ಮುಚ್ಚಿರಬಾರದು. ಕಡಲಿಗಿಳಿದು ಬಂದಾಗಲೆಲ್ಲ ಸಿಹಿನೀರಿನ ಸ್ನಾನವಾಗಲಿ. ಕೊನೆಯ ಇವಿಷ್ಟಕ್ಕೆ ಖರ್ಚು ಕಡಿಮೆ, ಆಯುಸ್ಸಿಗೆ ಲಾಭ ಹೆಚ್ಚು.

ಮನೆಯಲ್ಲೊಂದು ಪ್ರಯೋಗ

ದೋಣಿಯಿಲ್ಲದ ಮನೆಯಲ್ಲೂ ಈ ಪೊರೆಯನ್ನು ಪರೀಕ್ಷಿಸಬಹುದು. ಬಣ್ಣ ಬಳಿಯದ, ಆನೋಡೈಸ್ ಮಾಡಿದ ಕಿಟಕಿ ಚೌಕಟ್ಟಿನ ತುಂಡೊಂದನ್ನು ತನ್ನಿ. 1.5 ವೋಲ್ಟಿನ ಶೆಲ್, ಅದಕ್ಕೆ ಹೊಂದುವ ಟಾರ್ಚ್ ಬಲ್ಬು ಮತ್ತು ತಂತಿಗಳನ್ನು ಸಾಲಾಗಿ ಜೋಡಿಸಿ, ಉಳಿದ ಎರಡು ತುದಿಗಳನ್ನು ಮೈಮೇಲೆ ಮೆಲ್ಲಗೆ ತಾಗಿಸಿ. ಬಲ್ಬು ಉರಿಯದು, ಏಕೆಂದರೆ ಪೊರೆ ವಿದ್ಯುತ್ತನ್ನು ಬಿಡದು. ಗರಗಸದಿಂದ ಹೊಸದಾಗಿ ಕೊಯ್ದ ಅಂಚಿಗೆ ತಾಗಿಸಿದರೆ ಉರಿಯುತ್ತದೆ. ಮನೆಯ ಪ್ಲಗ್ಗಿನ ವಿದ್ಯುತ್ತನ್ನು ಮಾತ್ರ ಮುಟ್ಟಕೂಡದು. ಕೊಯ್ದ ತುಂಡಿಗೆ ಉಕ್ಕಿನ ಸ್ಕ್ರೂ ಒಂದನ್ನು ಬಿಗಿದು ಉಪ್ಪುನೀರಿನ ಲೋಟದಲ್ಲಿಟ್ಟು, ಸ್ಕ್ರೂ ಇಲ್ಲದ ಇನ್ನೊಂದನ್ನು ಪಕ್ಕದಲ್ಲಿಟ್ಟು, ವಾರಕ್ಕೊಮ್ಮೆ ವ್ಯತ್ಯಾಸ ಬರೆದಿಟ್ಟರೆ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಒಳ್ಳೆಯ ಮಾದರಿ ಸಿದ್ಧ.