ಮುಳುಗುವವರ ಗುರುತುಬೆಂಡು

ಮನ್ನಾರು ಕೊಲ್ಲಿಯಲ್ಲಿ ಮುತ್ತಿನ ಚಿಪ್ಪುಗಳನ್ನು ಹೆಕ್ಕುತ್ತಿದ್ದವರು ಕಲ್ಲಿನ ಭಾರದಿಂದ ತಳಕ್ಕೆ ಇಳಿಯುತ್ತಿದ್ದರೆಂಬುದನ್ನೂ, ಅವರೊಡನೆ ಇಳಿದ ಹಗ್ಗದ ಇನ್ನೊಂದು ತುದಿಯನ್ನು ದೋಣಿಯಲ್ಲಿದ್ದ ಜೊತೆಗಾರನು ಹಿಡಿದು ನಿಂತಿರುತ್ತಿದ್ದನೆಂಬುದನ್ನೂ ವಾಚಕರಲ್ಲಿ ಅನೇಕರು ಬಲ್ಲರು. ಹಗ್ಗವು ಜಗ್ಗಿದೊಡನೆ ಮೇಲಿನವನು ಎಳೆಯುವನು. ಕೆಳಗಿನವನು ಎಲ್ಲಿರುವನೆಂಬ ಪ್ರಶ್ನೆಯೇ ಅಲ್ಲಿ ಹುಟ್ಟುತ್ತಿರಲಿಲ್ಲ. ಆ ಬಳಿಕ ಬಂದ ತಾಮ್ರದ ಶಿರಸ್ತ್ರಾಣದ ಮುಳುಗುಗಾರನಿಗೂ ಗಾಳಿಯ ಕೊಳವೆಯು ಮೇಲಿನಿಂದಲೇ ಬರುತ್ತಿತ್ತು. 1943ರಲ್ಲಿ ಫ್ರಾನ್ಸ್ ದೇಶದ ಜಾಕ್ ಕೂಸ್ತೊ, ಎಮಿಲ್ ಗಾನ್ಯಾಂ ಎಂಬಿಬ್ಬರು, ಬೆನ್ನಿಗೆ ಕಟ್ಟಿದ ಸಿಲಿಂಡರಿನಿಂದ ಬೇಕಾದಷ್ಟೆ ಗಾಳಿಯನ್ನು ಬಾಯಿಗೆ ಒದಗಿಸುವ ಯಂತ್ರವನ್ನು ರೂಪಿಸಿದ ಮೇಲೆ ಆ ಹಗ್ಗವು ಅನಾವಶ್ಯಕವಾಯಿತು. ಮನುಷ್ಯನು ಮೀನಿನಂತೆ ಸ್ವತಂತ್ರನಾದನು. ಮೀನಿನಂತೆಯೇ ಮೇಲಿದ್ದವರ ಕಣ್ಣಿಗೆ ಮರೆಯೂ ಆದನು.

ಸ್ಕೂಬಾ ಎಂದು ಹೆಸರಾಗಿರುವ ಈ ಮುಳುಗು ಈಗ ನಮ್ಮ ಉತ್ತರ ಕನ್ನಡದ ಕಡಲಿಗೂ ಬಂದಿದೆ. ಮುರ್ಡೇಶ್ವರದ ಕರೆಯಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿರುವ ನೇತ್ರಾಣಿ ದ್ವೀಪದ ಸುತ್ತ, ಮಳೆಗಾಲ ಕಳೆದು ನೀರು ತಿಳಿಯಾದ ಬಳಿಕ, ಬೆಂಗಳೂರು ಹುಬ್ಬಳ್ಳಿಗಳಿಂದ ಹೋದ ತರುಣ ತರುಣಿಯರು ಬಣ್ಣಬಣ್ಣದ ಮೀನುಗಳನ್ನು ನೋಡಿ ಬರುತ್ತಿರುವರು. ಈ ವಿನೋದದ ವಿಷಯದಲ್ಲಿ ನಮಗೆ ಯಾವ ಅಸಮಾಧಾನವೂ ಇಲ್ಲ. ಕಡಲ ಮಗ್ಗುಲಲ್ಲಿಯೇ ಹುಟ್ಟಿಯೂ ಕಡಲೊಳಗೆ ಏನಿದೆಯೆಂದು ಕಾಣದೆ ತೀರಿಕೊಂಡ ನಮ್ಮ ಹಿರಿಯರಿಗಿಂತ ಇವರು ಭಾಗ್ಯವಂತರು. ನಾವು ಇಂದು ಹೇಳಹೊರಟಿರುವುದು ನೀರೊಳಗಿನ ಅಪಾಯವನ್ನಲ್ಲ, ನೀರಿನಿಂದ ಮೇಲೆದ್ದ ಬಳಿಕ ಕಾದಿರುವ ಅಪಾಯವನ್ನು.

ಮೇಲೆದ್ದವನ ತಲೆಯಷ್ಟೆ ನೀರಿನ ಹೊರಗಿರುತ್ತದೆ. ಎರಡಡಿಯ ಅಲೆಗಳ ನಡುವೆ ಅದು ತೇಲುವ ತೆಂಗಿನಕಾಯಿಗಿಂತ ದೊಡ್ಡದಾಗಿ ಕಾಣದು, ಅದೂ ಅಲೆಯ ನೆತ್ತಿಗೆ ಬಂದಾಗ ಮಾತ್ರ. ಸೆಳೆತವು ಗಂಟೆಗೆ ಒಂದು ನಾವಿಕ ಮೈಲಿಯಷ್ಟೇ ಇದ್ದರೂ ಹತ್ತು ನಿಮಿಷದಲ್ಲಿ ಮುನ್ನೂರು ಮೀಟರ್ ದೂರ ಒಯ್ದುಬಿಡುತ್ತದೆ. ಬೆನ್ನ ಮೇಲೆ ಸಿಲಿಂಡರನ್ನು ಹೊತ್ತವನು ಅದಕ್ಕೆ ಎದುರಾಗಿ ಬಹಳ ಹೊತ್ತು ಈಜಲಾರನು. 2008ರ ಮೇ ತಿಂಗಳಲ್ಲಿ ಆಸ್ಟ್ರೇಲಿಯಾದ ಮಹಾ ಹವಳದ ದಂಡೆಯಲ್ಲಿ ಇಬ್ಬರು ಮುಳುಗುಗಾರರು ತಮ್ಮ ದೋಣಿಯಿಂದ ಸುಮಾರು ಇನ್ನೂರು ಮೀಟರ್ ದೂರದಲ್ಲಿಯೇ ಮೇಲೆದ್ದರೂ ದೋಣಿಯವರ ಕಣ್ಣಿಗೆ ಬೀಳಲಿಲ್ಲ. ರಾತ್ರಿಯೆಲ್ಲ ತೇಲುತ್ತ ಹೋದ ಅವರನ್ನು ಸುಮಾರು 19 ಗಂಟೆಗಳ ಮೇಲೆ ಹೆಲಿಕಾಪ್ಟರಿನವರು ಎತ್ತಿಕೊಂಡರು. ಇನ್ನೂರು ಮೀಟರ್ ಎಂದರೆ ಎಷ್ಟು? ನಮ್ಮ ಪೇಟೆಯ ಬೀದಿಯ ಈ ತುದಿಯಿಂದ ಆ ತುದಿ.

ಈ ಮರೆಯನ್ನು ನೀಗಲು ಇರುವ ಸಾಧನವು ಬಹು ಸರಳವಾದುದು. ಇಂಗ್ಲಿಷಿನಲ್ಲಿ ಸರ್ಫೇಸ್ ಮಾರ್ಕರ್ ಬಾಯ್ ಎಂದು ಕರೆಯುವ ಇದನ್ನು ನಾವು ಗುರುತುಬೆಂಡು ಎನ್ನೋಣ. ಬಲೆಗೆ ಬೆಂಡು ಕಟ್ಟುವ ನಮ್ಮ ಬೆಸ್ತರಿಗೆ ಈ ಹೆಸರು ಅಪರಿಚಿತವಲ್ಲ. ಸೋರೆಬುರುಡೆ ಕಟ್ಟಿಕೊಂಡು ಕೆರೆಯಲ್ಲಿ ಈಜು ಕಲಿತವರಿಗೂ ಅಲ್ಲ. ಕೆಂಪು ಅಥವಾ ಕಿತ್ತಳೆ ಬಣ್ಣದ, ಆಳೆತ್ತರದ ಉದ್ದನೆಯ ಚೀಲ. ಅದರ ಬುಡಕ್ಕೆ ಒಂದು ದಾರ. ದಾರವನ್ನು ಸುತ್ತಿಡಲು ಒಂದು ಉರುಳೆ. ಸೆಳೆತವಿರುವಲ್ಲಿ ಕೆಲವರು ಮೊದಲಿನಿಂದ ಕೊನೆಯವರೆಗೆ ಇದನ್ನು ಮೇಲೆ ತೇಲಿಸಿಕೊಂಡೇ ಸಾಗುತ್ತಾರೆ. ಹೆಚ್ಚಿನವರು ಸುರುಳಿ ಸುತ್ತಿ ಜೇಬಿನಲ್ಲಿಟ್ಟುಕೊಂಡು, ಮೇಲೇಳುವ ಮುನ್ನ ಆಳದಿಂದಲೇ ಗಾಳಿ ತುಂಬಿ ಬಿಡುತ್ತಾರೆ. ಹದಿನೈದು ಹದಿನಾರು ಅಡಿ ಆಳದಲ್ಲಿ ಮೂರು ನಿಮಿಷ ತಂಗಿ ಮೇಲೇಳುವುದು ಮುಳುಗುಗಾರರ ಪದ್ಧತಿ. ಆ ಮೂರು ನಿಮಿಷವೂ ಚೀಲವು ಮೇಲೆ ನಿಂತು, ‘ಕೆಳಗೆ ಜನರಿದ್ದಾರೆ, ಯಂತ್ರವನ್ನು ನಿಲ್ಲಿಸಿರಿ’ ಎಂದು ಸಾರುತ್ತಿರುತ್ತದೆ. ದೋಣಿಯ ಕೆಳಗೆ ತಿರುಗುವ ರೆಕ್ಕೆಗೆ ತಲೆಯೊಡ್ಡುವುದು ಸೆಳೆತಕ್ಕೆ ಸಿಕ್ಕುವುದಕ್ಕಿಂತ ಘೋರವಾದುದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸರಳವೆಂದ ಮಾತ್ರಕ್ಕೆ ಕಲಿಯದೆ ಬರುವ ವಿದ್ಯೆಯೆಂದು ಯಾರೂ ಬಗೆಯಬಾರದು. ರಾಬರ್ಟ್ ಬಾಯ್ಲನು 1662ರಲ್ಲಿ ಪ್ರಕಟಿಸಿದ ನಿಯಮವನ್ನು ಶಾಲೆಯಲ್ಲಿ ಓದಿ ಮರೆತವರು ಇಲ್ಲಿ ಅದನ್ನು ನೆನೆಯಬೇಕು. ಪ್ರತಿ 33 ಅಡಿಗೆ ಒಂದು ವಾಯುಮಂಡಲದಷ್ಟು ಒತ್ತಡವು ಏರುವುದರಿಂದ, 66 ಅಡಿ ಆಳದಲ್ಲಿ ಚೀಲದ ಮೂರರಲ್ಲೊಂದು ಪಾಲಿನಷ್ಟು ಗಾಳಿಯನ್ನು ಊದಿದರೆ ಅದು ಏರುತ್ತ ಹಿಗ್ಗಿ ಮೇಲೆ ಪೂರ್ಣ ತುಂಬುತ್ತದೆ. ಹದಿನಾರು ಅಡಿಯಲ್ಲಾದರೋ ಮೂರರಲ್ಲಿ ಎರಡು ಪಾಲು ಬೇಕು. ಕಡಿಮೆ ಊದಿದರೆ ಚೀಲವು ಬಾಡಿದ ಬಾಳೆಲೆಯಂತೆ ನೀರಿನ ಮೇಲೆ ಅಡ್ಡಬೀಳುತ್ತದೆ, ದೂರಕ್ಕೆ ಕಾಣುವುದೇ ಇಲ್ಲ. ತುಂಬಿದ ಚೀಲವನ್ನೂ ದಾರವು ಬಿಗಿಯಾಗಿ ಕೆಳಕ್ಕೆ ಎಳೆದು ಹಿಡಿದಾಗಲೇ ಅದು ನೆಟ್ಟಗೆ ನಿಲ್ಲುವುದು.

ಬಿಡುವ ಮುನ್ನ ತಲೆಯೆತ್ತಿ ನೋಡಬೇಕು, ಮೇಲೆ ದೋಣಿಯಿದೆಯೆ ಎಂದು. ಉರುಳೆಯನ್ನು ಮೈಗೆ ಕೊಂಡಿ ಹಾಕಿಕೊಂಡು ಬಿಡುವುದು ಮಹಾಪ್ರಮಾದ. ಗಾಳಿ ತುಂಬಿದ ಚೀಲವು ಬಾಣದಂತೆ ಏರುತ್ತದೆ; ದಾರವು ತೊಡಕಿಕೊಂಡರೆ ಮನುಷ್ಯನನ್ನೂ ಜೊತೆಗೆ ಎಳೆದೊಯ್ಯುತ್ತದೆ. ಹಾಗೆ ಹಠಾತ್ತನೆ ಏರಿದವನ ಎದೆಯೊಳಗಿನ ಗಾಳಿಯೂ ಅದೇ ಬಾಯ್ಲನ ನಿಯಮದಂತೆ ಹಿಗ್ಗಿ ಪುಪ್ಪುಸಗಳನ್ನು ಹರಿಯಬಲ್ಲುದು, ರಕ್ತದಲ್ಲಿ ಕರಗಿದ್ದ ಸಾರಜನಕವು ಗುಳ್ಳೆಗಟ್ಟಬಲ್ಲುದು. ಆದ್ದರಿಂದ ಉರುಳೆಯನ್ನು ಕೈಚಾಚಿ ಸಡಿಲವಾಗಿ ಹಿಡಿಯಬೇಕು, ತೊಡಕಿದರೆ ಬಿಟ್ಟುಬಿಡಬೇಕು. ಬೆಂಡು ಹೋದರೆ ಇನ್ನೊಂದನ್ನು ಕೊಳ್ಳಬಹುದಷ್ಟೆ. ಈ ಅಭ್ಯಾಸವನ್ನು ಶಿಕ್ಷಕನ ಎದುರಿನಲ್ಲಿ ಈಜುಕೊಳದಲ್ಲಿ ಹತ್ತಾರು ಸಲ ಮಾಡಿದವನಿಗೂ, ಕೊಂಡ ದಿನದ ಮಡಿಕೆಯನ್ನೇ ಬಿಚ್ಚದೆ ಜೇಬಿನಲ್ಲಿ ಹೊತ್ತು ತಿರುಗುವವನಿಗೂ ಬಹಳ ಅಂತರವಿದೆ. ಎರಡನೆಯವನಿಗೆ ಬೆಂಡು ಇದ್ದರೂ ಒಂದೆ, ಇಲ್ಲದಿದ್ದರೂ ಒಂದೆ.

ಮುಂದಾಳಿನ ಬಳಿ ಒಂದಿದ್ದರೆ ಸಾಲದೆ ಎಂದು ಕೆಲವರು ಕೇಳುವರು. ಗುಂಪು ಒಟ್ಟಾಗಿರುವವರೆಗೆ ಸಾಕು. ಆದರೆ ದಾರಿ ತಪ್ಪುವವನು ಮುಂದಾಳಲ್ಲ, ಹಿಂದೆ ಉಳಿದವನು. ಶಿಕ್ಷಕನ ಕೈ ಹಿಡಿದು ಮೊದಲ ಸಲ ಇಳಿಯುವವರ ಮಾತು ಬೇರೆ. ಸ್ವಂತವಾಗಿ ಇಳಿಯಲು ಅರ್ಹತೆ ಪಡೆದ ಪ್ರತಿಯೊಬ್ಬನ ಬಳಿಯಲ್ಲಿಯೂ ಒಂದೊಂದು ಬೆಂಡು, ಒಂದು ಸೀಟಿ, ಕತ್ತಲಾಗುವ ಹೊತ್ತಾದರೆ ಒಂದು ದೀಪ ಇರಲೇಬೇಕೆಂಬುದು ನಮ್ಮ ಅಭಿಪ್ರಾಯ. ಹಳದಿ ಬಣ್ಣದ ಬೆಂಡು ಕೆಲವೆಡೆ ‘ಸಂಕಟದಲ್ಲಿದ್ದೇನೆ’ ಎಂಬ ಅರ್ಥವನ್ನು ಕೊಡುತ್ತದೆ, ಎಲ್ಲೆಡೆಯೂ ಅಲ್ಲ. ಇಳಿಯುವ ಮೊದಲೇ ದೋಣಿಯವರೊಡನೆ ಮಾತಾಡಿಕೊಳ್ಳುವುದು ಮೇಲು.

ಬೆಂಡನ್ನು ನಂಬಿ ದೋಣಿಯವರು ತಮ್ಮ ಕರ್ತವ್ಯವನ್ನು ಮರೆಯುವಂತಿಲ್ಲ. 1998ರ ಜನವರಿ 25ರಂದು ಅದೇ ಆಸ್ಟ್ರೇಲಿಯಾದ ಕಡಲಲ್ಲಿ ಅಮೆರಿಕದ ದಂಪತಿಗಳನ್ನು ನೀರಿನಲ್ಲಿಯೇ ಬಿಟ್ಟು ದೋಣಿಯು ಹಿಂದಿರುಗಿತು, ಎಣಿಕೆ ತಪ್ಪಿತ್ತು. ಅವರು ಹಿಂದಿರುಗಲಿಲ್ಲವೆಂಬುದು ತಿಳಿದದ್ದು ಎರಡು ದಿನಗಳ ಮೇಲೆ. ಅವರ ದೇಹಗಳೂ ಸಿಕ್ಕಲಿಲ್ಲ. ನೋಡುವವನೇ ಇಲ್ಲದಲ್ಲಿ ಎಷ್ಟು ಕೆಂಪಾದ ಬೆಂಡಾದರೂ ಏನು ಮಾಡೀತು?

ನಮ್ಮ ಕರಾವಳಿಗೆ ವಿಶೇಷವಾದ ಇನ್ನೊಂದು ಸಂಗತಿಯಿದೆ. ನಮ್ಮ ಮೀನುಗಾರರ ಕಣ್ಣಿಗೆ ನೀರಿನ ಮೇಲಿನ ಬೆಂಡು ಎಂದರೆ ಬಲೆ. ತೇಲುವ ಕೆಂಪು ಚೀಲವನ್ನು ಕಂಡು, ಯಾರದೋ ಕಳೆದ ಸಾಮಾನೆಂದು ಎತ್ತಿಕೊಳ್ಳಲು ಯಂತ್ರದೋಣಿಯೊಂದು ಹತ್ತಿರ ಬಂದರೆ, ಕಾಪಾಡಬೇಕಾದ ಗುರುತೇ ಅಪಾಯವನ್ನು ಕರೆದಂತಾಗುತ್ತದೆ. ಅದರಲ್ಲಿ ಅವರ ತಪ್ಪಿಲ್ಲ. ಅವರಿಗೆ ತಿಳಿಸುವುದು ತಿಳಿದವರ ಕೆಲಸ. ನಿಂತ ಕೆಂಪು ಚೀಲದ ಕೆಳಗೆ ಮನುಷ್ಯನಿರುವನು, ನೀಲಿ ಬಿಳಿಯ ಬಾವುಟ ಹಾರಿಸಿದ ದೋಣಿಯ ಸುತ್ತ ನಿಧಾನವಾಗಿ ದೂರದಿಂದ ಹೋಗತಕ್ಕದ್ದು, ಎಂಬೆರಡು ಮಾತುಗಳನ್ನು ಚಿತ್ರಸಹಿತವಾಗಿ ಕನ್ನಡ ಕೊಂಕಣಿಗಳಲ್ಲಿ ಬರೆಯಿಸಿ, ಮುರ್ಡೇಶ್ವರ, ಭಟ್ಕಳ, ಹೊನ್ನಾವರಗಳ ಬಂದರುಗಳಲ್ಲಿ ತೂಗಹಾಕಿಸಲು ಖರ್ಚು ಎಷ್ಟಾದೀತು? ಮಳೆಗಾಲದ ನಿಷೇಧವು ಜುಲೈ 31ಕ್ಕೆ ಮುಗಿದು ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುವು. ಮುಳುಗುಗಾರರು ಬರುವುದು ಅದಕ್ಕೂ ತಡವಾಗಿ. ಬಂದರಿನ ಅಧಿಕಾರಿಗಳೂ ಮುಳುಗು ಕಲಿಸುವ ಮಂಡಲಿಗಳವರೂ ಮೀನುಗಾರ ಸಂಘಗಳ ಹಿರಿಯರೊಡನೆ ಒಂದು ಸಂಜೆ ಕುಳಿತು ಈ ಫಲಕದ ಒಕ್ಕಣೆಯನ್ನು ಗೊತ್ತುಮಾಡಲು ನಡುವಣ ಆ ವಾರಗಳು ಧಾರಾಳವಾಗಿ ಸಾಕು.