ಕಿವಿಗೆ ಬಿದ್ದದ್ದೆಲ್ಲ ಉತ್ತರವಲ್ಲ: ಇಂಗ್ಲಿಷ್ ಆಲಿಸುವಿಕೆ ಪರೀಕ್ಷೆಯಲ್ಲಿ ದಾರಿತಪ್ಪಿಸುವ ಮಾಹಿತಿ

ಇಂಗ್ಲಿಷ್ ಆಲಿಸುವಿಕೆ ಪರೀಕ್ಷೆಯಲ್ಲಿ ತಪ್ಪು ಉತ್ತರ ಬರೆದ ವಿದ್ಯಾರ್ಥಿಯ ಬಗ್ಗೆ ಸಾಮಾನ್ಯವಾಗಿ ಬೀಳುವ ಷರಾ ಒಂದೇ: 'ಗ್ರಹಿಕೆ ಸಾಲದು, ಪದಸಂಪತ್ತು ಕಡಿಮೆ.' ಆದರೆ ತಪ್ಪುಗಳಲ್ಲಿ ಎರಡು ಬಗೆಯಿವೆ. ಒಬ್ಬರು ಜಾಗ ಖಾಲಿ ಬಿಡುತ್ತಾರೆ. ಇನ್ನೊಬ್ಬರು ಧ್ವನಿಮುದ್ರಣದಲ್ಲಿ ನಿಜವಾಗಿ ಕೇಳಿಬಂದ, ಆದರೆ ಉತ್ತರವಲ್ಲದ ಪದವನ್ನು ಬರೆಯುತ್ತಾರೆ. ಎರಡನೆಯವರ ಕಿವಿ ತನ್ನ ಕೆಲಸ ಮಾಡಿದೆ. ಮಾತು ಎಲ್ಲಿ ತಿರುಗಿತು ಎಂಬುದಷ್ಟೇ ಅವರ ಕೈತಪ್ಪಿದೆ. ಇಬ್ಬರಿಗೂ ಒಂದೇ ಪರಿಹಾರ ಬೋಧನೆ ಕೊಟ್ಟರೆ ಎರಡನೆಯವರಿಗೆ ಪ್ರಯೋಜನವಾಗದು.

ಐಇಎಲ್‌ಟಿಎಸ್ ಆಲಿಸುವಿಕೆ ಪರೀಕ್ಷೆಯಲ್ಲಿ 4 ಭಾಗ, 40 ಪ್ರಶ್ನೆ. ಧ್ವನಿಮುದ್ರಣ ಸುಮಾರು 30 ನಿಮಿಷದ್ದು, ಒಮ್ಮೆ ಮಾತ್ರ ಕೇಳಿಸುತ್ತಾರೆ. ಈ ಅವಸರದಲ್ಲಿ ಮೊದಲು ಕೇಳಿದ ಪದವನ್ನೇ ಬರೆದುಬಿಡುವುದು ಸಹಜ. ಹಾಗೆ ಬರೆಯುವಂತೆ ಸೆಳೆಯುವ ಮಾಹಿತಿಯನ್ನು ಡಿಸ್ಟ್ರಾಕ್ಟರ್ ಎನ್ನುತ್ತಾರೆ. ಅದರ ಮುಖ್ಯ ರೂಪಗಳು ನಾಲ್ಕು:

1. ಸ್ವತಃ ತಿದ್ದಿಕೊಳ್ಳುವುದು: 'ಫಿಫ್ಟೀನ್... ನೋ, ಸಾರಿ, ಸಿಕ್ಸ್‌ಟೀನ್.'

2. ಸಲಹೆ ಮತ್ತು ನಿರಾಕರಣೆ: ಒಬ್ಬರು ಟ್ಯೂಸ್‌ಡೇ ಎನ್ನುತ್ತಾರೆ. ಇನ್ನೊಬ್ಬರು 'ಟ್ಯೂಸ್‌ಡೇ ವುಡ್ ಬಿ ಫೈನ್, ಬಟ್ ದ ಲ್ಯಾಬ್ ಈಸ್ ಕ್ಲೋಸ್ಡ್' ಎಂದು ಥರ್ಸ್‌ಡೇಗೆ ಒಪ್ಪಿಸುತ್ತಾರೆ.

3. ಕಾಲ ವ್ಯತ್ಯಾಸ: ಪ್ರಶ್ನೆ ಈಗಿನ ಶುಲ್ಕದ್ದು. 'ಯೂಸ್ಡ್ ಟು', 'ಲಾಸ್ಟ್ ಇಯರ್' ಎಂಬ ಮಾತಿನೊಡನೆ ಹಳೆಯ ಶುಲ್ಕವೂ ಕೇಳಿಬರುತ್ತದೆ.

4. ಪದದ ಸೆಳೆತ: ತಪ್ಪು ಆಯ್ಕೆಯ ಪದ ಹಾಗೆಯೇ ಕೇಳಿಸುತ್ತದೆ, ಸರಿ ಆಯ್ಕೆ ಬೇರೆ ಮಾತಿನಲ್ಲಿ ಬರುತ್ತದೆ. ಆಯ್ಕೆಯಲ್ಲಿ 'ಚೀಪ್' ಎಂದಿದ್ದರೆ ಮಾತನಾಡುವವರು 'ಇಟ್ ಡಿಡಂಟ್ ಕಾಸ್ಟ್ ಮಚ್' ಎನ್ನುತ್ತಾರೆ.

ಇದನ್ನು ಪರೀಕ್ಷಕರ ಕುತಂತ್ರವೆಂದು ಮಕ್ಕಳಿಗೆ ಹೇಳಬಾರದು. ದಿನನಿತ್ಯದ ಮಾತೇ ಹೀಗಿರುತ್ತದೆ. 'ಮಂಗಳವಾರ ಬರೋಣ ಅಂತಿದ್ದೆ, ಆಗಲ್ಲ ಕಣೇ, ಗುರುವಾರ ಬರ್ತೀನಿ' ಎಂದರೆ ಯಾವ ವಿದ್ಯಾರ್ಥಿನಿಯೂ ಮಂಗಳವಾರ ಕಾಯುತ್ತ ಕೂರುವುದಿಲ್ಲ. ಕೌಶಲ ಕನ್ನಡದಲ್ಲಿ ಆಗಲೇ ಇದೆ, ಅದನ್ನು ಇಂಗ್ಲಿಷಿಗೆ ದಾಟಿಸಬೇಕಷ್ಟೆ. ಒಂದು ವ್ಯತ್ಯಾಸವನ್ನು ಮಾತ್ರ ಕಲಿಸಬೇಕು. ಕನ್ನಡದಲ್ಲಿ 'ಇಲ್ಲ', 'ಬರಲ್ಲ' ಎಂಬ ನಿಷೇಧ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಸ್ಪಷ್ಟವಾಗಿ ಬರುತ್ತದೆ. ಇಂಗ್ಲಿಷಿನಲ್ಲಿ ಅದು 'ಕಾಂಟ್', 'ಡಿಡಂಟ್' ಎಂದು ನಡುವೆಯೇ ಸರಕ್ಕನೆ ಸರಿದುಹೋಗುತ್ತದೆ.

ಬೋಧನಾಭ್ಯಾಸದ ಒಂಬತ್ತನೇ ತರಗತಿಯಲ್ಲಿ ನಾನು ಅನುಸರಿಸಿದ ಕ್ರಮ ಇದು. ಮೇಲಿನಂಥ ಕನ್ನಡ ಮಾತಿನಿಂದ ಪಾಠ ಆರಂಭ. ನಂತರ ಪ್ರಶ್ನೆ ಓದಿ, ಕೇಳಿರುವುದು ಯಾರ ಬಗ್ಗೆ, ಯಾವ ಕಾಲದ್ದು ಎಂದು ಅಡಿಗೆರೆ. ಸಹಪಾಠಿಗಳಿಬ್ಬರ ಧ್ವನಿಯಲ್ಲಿ ಫೋನಿನಲ್ಲಿ ಮುದ್ರಿಸಿದ ಒಂದು ನಿಮಿಷದ ಸಂಭಾಷಣೆ ಕೇಳುತ್ತ, ಉತ್ತರವಾಗಬಹುದಾದ ಪ್ರತಿ ಪದವನ್ನೂ ಅಂಚಿನಲ್ಲಿ ಪೆನ್ಸಿಲಿನಿಂದ ಬರೆಯುವುದು. ನಿರಾಕರಿಸಿದ್ದನ್ನು ಹೊಡೆದುಹಾಕುವುದು, ಉಳಿದದ್ದಕ್ಕೆ ಸುತ್ತುಹಾಕುವುದು. ಕೊನೆಗೆ ಲಿಖಿತ ಪಠ್ಯ ಕೊಟ್ಟು, ಮಾತು ತಿರುಗಿಸಿದ ಪದವನ್ನು ಹುಡುಕಿಸುವುದು.

'ಕೊನೆಗೆ ಕೇಳಿದ್ದೇ ಉತ್ತರ' ಎಂಬ ಅಡ್ಡದಾರಿಯನ್ನು ಮಾತ್ರ ಕಲಿಸಬಾರದು. ಚರ್ಚೆಯೆಲ್ಲ ಮುಗಿದ ಮೇಲೆ ಮೊದಲಿನ ದಿನಕ್ಕೇ ಮರಳುವುದೂ ಉಂಟು. ಆದ್ದರಿಂದ ಮುದ್ರಿಸುವ ಸಂಭಾಷಣೆಗಳಲ್ಲಿ ಅಂಥದ್ದೂ ಒಂದಿರಲಿ. ವಿಜ್ಞಾನದ ವಿದ್ಯಾರ್ಥಿನಿಯಾದ ನನಗೆ ಇಲ್ಲಿ ಟೈಟ್ರೇಶನ್ ನೆನಪಾಗುತ್ತದೆ. ಆಮ್ಲಕ್ಕೆ ಪ್ರತ್ಯಾಮ್ಲ ಬೀಳುವಾಗ ಫೀನಾಫ್ತಲೀನಿನ ಗುಲಾಬಿ ಬಣ್ಣ ಮಿಂಚಿ ಮಾಯವಾದರೆ ಬ್ಯುರೆಟ್ ಓದುವುದಿಲ್ಲ, ಅಲುಗಿಸಿದರೂ ಬಣ್ಣ ನಿಂತಾಗ ಓದುತ್ತೇವೆ. ಆಲಿಸುವಿಕೆಯಲ್ಲೂ ಅಷ್ಟೇ: ಇಬ್ಬರೂ ಒಪ್ಪಿದ ಮೇಲೆ ನಿಂತ ಮಾಹಿತಿಯೇ ಉತ್ತರ.

ಮೌಲ್ಯಮಾಪನಕ್ಕೂ ಒಂದು ಸಣ್ಣ ಸೇರ್ಪಡೆ ಸಾಕು. ಪ್ರತಿ ತಪ್ಪು ಉತ್ತರದ ಪಕ್ಕದಲ್ಲಿ, ಆ ಪದ ಧ್ವನಿಮುದ್ರಣದಲ್ಲಿ ಇತ್ತೇ ಇಲ್ಲವೇ ಎಂದು ಗುರುತು ಹಾಕುವುದು. ಇತ್ತು ಎಂಬ ಗುರುತೇ ಹೆಚ್ಚಿರುವ ಮಗುವಿಗೆ ಪದಪಟ್ಟಿ ಬೇಡ, ಮಾತಿನ ತಿರುವು ಹಿಡಿಯುವ ಅಭ್ಯಾಸ ಬೇಕು. 'ನೀನು ಸರಿಯಾಗಿಯೇ ಕೇಳಿಸಿಕೊಂಡಿದ್ದೀಯ, ಇನ್ನೊಂದು ಕ್ಷಣ ಕಾಯಬೇಕಿತ್ತು' ಎಂದು ಅವರಿಗೆ ಹೇಳಬಹುದು. 'ನಿನಗೆ ಇಂಗ್ಲಿಷ್ ಬರುವುದಿಲ್ಲ' ಎನ್ನುವುದಕ್ಕಿಂತ ಅದು ಉಪಯುಕ್ತವೂ ಹೌದು, ನಿಜವೂ ಹೌದು.