ತಲಕಾಡು: ನಾಲ್ಕು ಅಕ್ಷರ, ಹದಿನೆಂಟು ಬೈಟ್

ಸಂಬಳದ ದಿನ ಮೊಬೈಲಿಗೆ ಬ್ಯಾಂಕಿನ ಮೆಸೇಜ್ ಬಂದರೆ ಯಾರಿಗೆ ಖುಷಿಯಿಲ್ಲ? ಎಷ್ಟೋ ಸಲ ಅದರ ಹಿಂದೆ ಒಂದು ಸಾದಾ ಟೆಕ್ಸ್ಟ್ ಫೈಲ್ ಇರುತ್ತೆ. ಅದರಲ್ಲಿ ಕಾಮಾ ಇಲ್ಲ, ಗೆರೆ ಇಲ್ಲ. ಯಾವ ಮಾಹಿತಿ ಎಷ್ಟನೇ ಜಾಗದಲ್ಲಿ ಕೂರಬೇಕು ಅನ್ನೋದೇ ನಿಯಮ. ಇದೇ ಫಿಕ್ಸೆಡ್ ಲೆಂಗ್ತ್ ಫೈಲ್. 80 ಕಾಲಂಗಳ ಪಂಚ್ ಕಾರ್ಡ್ ಕಾಲದ ಈ ಪದ್ಧತಿಯನ್ನು ಬ್ಯಾಂಕಿಂಗ್ ಇಂದಿಗೂ ಬಿಟ್ಟಿಲ್ಲ.

ನಾನು ತಲಕಾಡಿನವಳು. ಇಂಥ ಫೈಲುಗಳನ್ನು ಪರಿಶೀಲಿಸೋದೇ ನನ್ನ ಕೆಲಸ. ಒಮ್ಮೆ ನಮ್ಮ ಕಡೆಯವರದೇ ಒಂದು ಕೂಲಿ ಪಟ್ಟಿ ಬಂತು. ಪ್ರತಿ ಸಾಲು 100 ಬೈಟ್ ಇರಬೇಕಿತ್ತು: ಹೆಸರು 40, ಊರು 20, ಖಾತೆ ಸಂಖ್ಯೆ 18, ಐಎಫ್‌ಎಸ್‌ಸಿ 11, ಮೊತ್ತ 11. ಎಕ್ಸೆಲ್‌ನಲ್ಲಿ ಎಣಿಸಿದರೆ ಎಲ್ಲಾ ಸಾಲೂ ಸರಿಯಾಗಿ 100. ಆದರೂ ಫೈಲ್ ತಿರಸ್ಕೃತವಾಯಿತು, ಕೂಲಿ ತಡವಾಯಿತು.

ಕಾರಣ, ಊರಿನ ಹೆಸರು ಮಾತ್ರ ಕನ್ನಡದಲ್ಲಿತ್ತು. 'ತಲಕಾಡು' ನಮ್ಮ ಕಣ್ಣಿಗೆ ನಾಲ್ಕು ಅಕ್ಷರ. ದೀರ್ಘ, ಕೊಂಬು ಬೇರೆಬೇರೆ ಲೆಕ್ಕ ಹಾಕುವ ಎಕ್ಸೆಲ್‌ಗೆ ಆರು. ಯುಟಿಎಫ್-8ರಲ್ಲಿ ಒಂದೊಂದಕ್ಕೂ ಮೂರು ಬೈಟ್, ಅಲ್ಲಿಗೆ 18. ಆರು ಅಂದುಕೊಂಡು 14 ಖಾಲಿ ಜಾಗ ತುಂಬಿದರೆ 32 ಬೈಟ್ ಆಯ್ತು! ಸಾಲು 112ಕ್ಕೆ ಹಿಗ್ಗಿತು. 61ನೇ ಜಾಗದಿಂದ ಖಾತೆ ಸಂಖ್ಯೆ ಓದಲು ಹೋದ ಕಂಪ್ಯೂಟರಿಗೆ ಸಿಕ್ಕಿದ್ದು 12 ಖಾಲಿ ಜಾಗ.

'ನಂಜನಗೂಡು' ಇನ್ನೂ ಕಷ್ಟ. ಅದು 24 ಬೈಟ್. 20ಕ್ಕೆ ಕತ್ತರಿಸಿದರೆ 'ನಂಜನಗೂ' ಉಳಿದು, 'ಡ' ನಡುವೆಯೇ ಮುರಿದು ಗೀಚು ಚಿಹ್ನೆಯಾಗುತ್ತೆ. ಹಾಗಾಗಿ ಕನ್ನಡ ಬೇಕಿದ್ದರೆ ಶುರುವಿನಲ್ಲೇ ಅಗಲ ಜಾಸ್ತಿ ಕೇಳಿ, ಬೈಟ್ ಲೆಕ್ಕದಲ್ಲೇ ತುಂಬಿ.

ಎಕ್ಸ್‌ಪೋರ್ಟ್ ಮಾಡುವಾಗ ಇನ್ನಷ್ಟು ನೋಡಿಕೊಳ್ಳಿ:

• ಖಾತೆ ಸಂಖ್ಯೆಯನ್ನು ಎಕ್ಸೆಲ್‌ನಲ್ಲಿ ಟೆಕ್ಸ್ಟ್ ಆಗಿಯೇ ಇಡಿ. ಇಲ್ಲದಿದ್ದರೆ ಮೊದಲ ಸೊನ್ನೆ ಮಾಯ. 16 ಅಂಕಿಯ ಸಂಖ್ಯೆಯಾದರೆ ಕೊನೆಯ ಅಂಕಿ ಸೊನ್ನೆಯಾಗುತ್ತೆ.

• ಹೆಸರಿಗೆ ಬಲಗಡೆ ಖಾಲಿ ಜಾಗ, ಮೊತ್ತಕ್ಕೆ ಎಡಗಡೆ ಸೊನ್ನೆ. ಪೈಸೆ ಲೆಕ್ಕದಲ್ಲಿ ₹1,250.50 ಅಂದರೆ 00000125050. ಟ್ಯಾಬ್ ಬೇಡವೇ ಬೇಡ.

• ವಿಂಡೋಸ್‌ನಲ್ಲಿ ಸಾಲಿನ ಕೊನೆಗೆ ಕಣ್ಣಿಗೆ ಕಾಣದ ಎರಡು ಬೈಟ್ ಸೇರುತ್ತವೆ. 250 ಜನರ ಫೈಲ್ ಅಂದರೆ 250 × 102, ಅಂದರೆ 25,500 ಬೈಟ್. ಫೈಲಿನ ಪ್ರಾಪರ್ಟೀಸ್‌ನಲ್ಲಿ ಬೇರೆ ಸಂಖ್ಯೆ ಕಂಡರೆ ಕಳಿಸಬೇಡಿ.

• ಒಟ್ಟು ಸರಿಯಿದೆ ಅಂತ ಸುಮ್ಮನಾಗಬೇಡಿ. ಒಂದು ಸಾಲು ಗಿಡ್ಡ, ಇನ್ನೊಂದು ಅಷ್ಟೇ ಉದ್ದ ಇದ್ದರೂ ಮೊತ್ತ ಸರಿಹೋಗುತ್ತೆ. ಪ್ರತಿ ಸಾಲನ್ನೂ ಬೈಟ್‌ನಲ್ಲಿ ಅಳೆದು, ತಪ್ಪಿದ ಸಾಲಿನ ಸಂಖ್ಯೆ ತೋರಿಸುವ ಪುಟ್ಟ ಪ್ರೋಗ್ರಾಂ ಬರೆದಿಟ್ಟುಕೊಳ್ಳಿ.

ಇಷ್ಟಕ್ಕೆ ಹತ್ತು ನಿಮಿಷ ಸಾಕು. ಫೈಲ್ ವಾಪಸ್ ಬಂದರೆ ನಮಗೆ ಅದು ಒಂದು ಎರರ್ ಮೆಸೇಜ್ ಅಷ್ಟೇ. ಕೂಲಿ ನಂಬಿಕೊಂಡವರಿಗೆ ಆ ವಾರದ ದಿನಸಿ.